ಗುಬ್ಬಿಯ ಸರದಿ

"ಏಯ್! ಯಾರ್ರೀ ನೀವು? ಮುಟ್ಬೇಡಿ ಅದನ್ನ!"

ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತೇ ಅವಳು ಕೂಗಿದಳು.

ಒಳಗೆ ಒಬ್ಬ ಅಪರಿಚಿತ ನೆಲದ ಮೇಲೆ ಮಂಡಿಯೂರಿ ಕುಳಿತಿದ್ದ. ಕೋಟು ಕಳಚಿ ಕುರ್ಚಿಯ ಮೇಲೆ ಎಸೆದಿದ್ದ. ಡಾಕ್ಟರು ರೋಗಿಯ ಎದೆಗೆ ಬಾಗುವ ಹಾಗೆ ಅವಳ ಸರ್ವರಿನ ಪಕ್ಕೆಗೆ ಕಿವಿ ಹಚ್ಚಿದ್ದ!

ಅವನು ತಲೆಯೆತ್ತಲಿಲ್ಲ. ಬೆರಳು ಮಾತ್ರ ಎತ್ತಿ, "ಒಂದ್ ನಿಮಿಷ... ಕೇಳಿಸ್ಕೊಳ್ತಾ ಇದೀನಿ" ಎಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಯಂತ್ರದಲ್ಲಿ ಶುಕ್ರವಾರದಿಂದ ಒಂದು ಕೆಲಸ ಓಡುತ್ತಿತ್ತು. ಒಂದು ತಂತಿ ಅಲುಗಿದರೂ ಎಲ್ಲ ಮೊದಲಿನಿಂದ!

"ಕೇಳಿಸ್ಕೊಳ್ಳೋಕೆ ಅದೇನು ಹಾಡು ಹೇಳ್ತಿದ್ಯಾ?"

"ಹಾಡಲ್ಲ, ಗೋಳು." ಅವನು ಎದ್ದು ಮಂಡಿಯ ಧೂಳು ಕೊಡವಿಕೊಂಡ. "ನಿಮ್ಮ ಡಿಸ್ಕ್ ಪಾಪ, ಕಟಕಟ ಅಂತ ಒಂದೇ ಸಮ ಗೇಯ್ತಾ ಇದೆ. ಪ್ರೊಸೆಸರ್ ಮಾತ್ರ ಮಾವನ ಮನೆಗೆ ಬಂದ ಅಳಿಯನ ಥರ ಕಾಲು ಚಾಚ್ಕೊಂಡು ಕೂತಿದೆ. ಪೇಟೇಲಿರೋದರಲ್ಲೇ ಅತಿ ದುಬಾರಿ ಮೆಷಿನ್ ಬೇಕು ಅಂತ ಕೇಳಿರೋರು ನೀವೇ ತಾನೆ?"

"ಹೌದು. ಏನೀಗ?"

"ಅದನ್ನ ಕೊಳ್ಳೋದು ಬೇಡ ಅಂತ ಹೇಳೋಕೆ ಬಂದಿದೀನಿ."

ಅದು ಮಕ್ಕಳ ನರರೋಗಗಳಿಗೆ ಕಾರಣ ಹುಡುಕುವ ಆಸ್ಪತ್ರೆಯ ಸಂಶೋಧನಾ ವಿಭಾಗ. ಕಾಯಿಲೆ ಮಕ್ಕಳ ರಕ್ತದಿಂದ ಓದಿದ ಜೀನುಗಳ ರಾಶಿ ಮಾಹಿತಿಯನ್ನು ಸೋಸಿ, ಎಲ್ಲಿ ತಪ್ಪಿದೆ ಎಂದು ಹುಡುಕುವುದು ಅವಳ ಕೆಲಸ. ಇದ್ದದ್ದು ಒಂದೇ ಹಳೆಯ ಸರ್ವರ್. ಒಂದು ಮಗುವಿನ ಮಾಹಿತಿ ಸೋಸಲು ಅದಕ್ಕೆ ವಾರ ಹಿಡಿಯುತ್ತಿತ್ತು. ಮಿಕ್ಕ ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದರು. ಕೊನೆಗೂ ಒಂದು ದತ್ತಿ ಸಂಸ್ಥೆ ಹಣ ಕೊಡಲು ಒಪ್ಪಿ, ಕೊಳ್ಳುವ ಮೊದಲು ನೋಡಿ ಹೇಳಲು ತನ್ನ ಕಡೆಯ ಹಾರ್ಡ್‌ವೇರ್ ಇಂಜಿನಿಯರನನ್ನು ಕಳಿಸಿತ್ತು.

ಇವನೇ ಅವನು!

'ದೇವರೇ... ಕೈಗೆ ಬಂದದ್ದನ್ನ ಕಿತ್ಕೊಳ್ಳೋಕೆ ಬಂದಿದಾನಲ್ಲ!' ಎಂದುಕೊಂಡಳು.

ಸಂಜೆಯೊಳಗೆ ವಿಭಾಗದವರೆಲ್ಲ ಅವನಿಗೆ ಹೆಸರಿಟ್ಟಾಗಿತ್ತು: ಜುಗ್ಗಣ್ಣ.

ಅವಳಿಗೂ ಅಲ್ಲಿ ಸ್ವಂತ ಹೆಸರು ಉಳಿದಿರಲಿಲ್ಲ. ಒಮ್ಮೆ ಅಕ್ಕನ ಮಗಳು ರಕ್ತ ಕೊಡಲು ಬಂದವಳು, "ಚಿಕ್ಕೀ... ಚಿಕ್ಕೀ..." ಎಂದು ಕಾರಿಡಾರಿನ ಉದ್ದಕ್ಕೂ ಕೂಗಿ ಹೋಗಿದ್ದಳು. ಅಂದಿನಿಂದ ಕಸ ಗುಡಿಸುವವರಿಂದ ಹಿಡಿದು ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂವರೆಗೆ ಎಲ್ಲರಿಗೂ ಅವಳು ಚಿಕ್ಕಿ.

*

"ಬೇಡ ಅಂತ ಬಾಯಿಮಾತಲ್ಲಿ ಹೇಳಿದ್ರೆ ನೀವು ಒಪ್ಪಲ್ಲ. ಓಡಿಸಿ ನೋಡೋಣ," ಎಂದ ಜುಗ್ಗಣ್ಣ.

ಅವಳು ಕೇಳಿದ್ದ ಹೊಸ ಯಂತ್ರವನ್ನೂ, ದೊಡ್ಡ ಕಂಪನಿಯೊಂದು ಬಳಸಿ ಬಿಟ್ಟ ಹಿಂದಿನ ತಲೆಮಾರಿನ ಸರ್ವರನ್ನೂ ಎರವಲು ತರಿಸಿದ. ಹಳೆಯದಕ್ಕೆ ಮೆಮೊರಿ ತುಂಬಿಸಿ, ವೇಗದ ಡಿಸ್ಕ್ ಹಾಕಿದ.

"ನಿಮ್ಮ ನಿಜವಾದ ಕೆಲಸಾನೇ ಕೊಡಿ. ಕಂಪನಿಯೋರು ಹೇಳೋ ವೇಗ ನಂಗೆ ಬೇಡ. ಕಾಗದದ ಮೇಲೆ ಎಲ್ಲಾ ಕುದುರೆನೂ ಓಡುತ್ತೆ."

ಅವಳು ಒಂದು ಮಗುವಿನ ಮಾಹಿತಿಯನ್ನು ಆರಿಸಿ ಎರಡಕ್ಕೂ ಕೊಟ್ಟಳು. ಪರೀಕ್ಷೆಗೆ ಸೋಸಿದ್ದು ಅದರ ಒಂದು ತುಂಡನ್ನು ಮಾತ್ರ. ಯಾರ ಮಗು ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಯಂತ್ರಗಳು ಓಡುತ್ತಿರುವಾಗ ಇಬ್ಬರೂ ಕಾರಿಡಾರಿನ ಕಿಟಕಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ಮೊದಲ ದಿನ ನಡುವೆ ಇಬ್ಬರು ಕೂರುವಷ್ಟು ಜಾಗವಿತ್ತು. ಆಮೇಲಾಮೇಲೆ ಅವನ ಚೀಲ ಇಡುವಷ್ಟು ಮಾತ್ರ...

ಹೊಸ ಯಂತ್ರವೇ ಮೊದಲು ಮುಗಿಸಿತು. ಆದರೆ ಗೆದ್ದದ್ದು ಕೂದಲೆಳೆಯಷ್ಟು!

"ಅದರ ಬೆಲೆಗೆ ಇಂಥ ಹಳೇದು ನಾಲ್ಕು ಬರುತ್ತೆ," ಎಂದ. "ನಾಲ್ಕನ್ನೂ ಸೇರಿಸಿ ಕ್ಲಸ್ಟರ್ ಮಾಡಿದ್ರೆ ಒಂದೇ ಸಲಕ್ಕೆ ನಾಲ್ಕು ಮಕ್ಕಳ ಕೆಲಸ. ಕರೆಂಟ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಕೋಣೆ ತಂಪಿಡೋ ಖರ್ಚೂ ಇದೆ. ಅದೆಲ್ಲ ಸೇರಿಸಿದ್ರೂ ನಮಗೇ ಲಾಭ."

"ನಮಗೆ?"

ಅವನು ತಡವರಿಸಿದ. "ಅಂದ್ರೆ... ನಿಮಗೆ."

ಅವಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ಬಂದ ಮೇಲೆ ಅವಳಿಗೇ ಗಾಬರಿಯಾಯಿತು. 'ನಾನು ನಗ್ತಾ ಇದೀನಾ? ಮನೇಲಿ ಹಾಗಿರೋವಾಗ...?'

"ಡಿಸ್ಕುಗಳಿಗೆ ಜೋಡಿ ಹಾಕಿ," ಎಂದಳು ಮುಖ ಗಂಭೀರ ಮಾಡಿಕೊಂಡು. "ಒಂದು ಕೆಟ್ರೆ ಇನ್ನೊಂದರಲ್ಲಿ ಉಳಿದಿರ್ಬೇಕು."

"ಮೂಲ ಮಾಹಿತಿಗೆ ಜೋಡಿ ಇದೆ. ಮಧ್ಯೆ ಹುಟ್ಟೋ ಫೈಲುಗಳಿಗೆ ಯಾಕೆ? ಹೋದ್ರೆ ಮತ್ತೆ ಓಡಿಸಿದ್ರಾಯ್ತು. ಆ ದುಡ್ಡು ಉಳಿಸಿದ್ರೇನೇ ನಾಲ್ಕನೇ ಸರ್ವರ್ ಬರೋದು."

"ಮತ್ತೆ ಓಡಿಸೋಕೆ ಟೈಮ್ ಇರ್ಬೇಕಲ್ಲ..."

"ಕೆಡಲ್ಲ ಬಿಡಿ. ನಾನೇ ಆರಿಸಿ ತರ್ತೀನಿ," ಎಂದ.

ಅವಳು ನಂಬಿದಳು. ಅವನ ಲೆಕ್ಕವನ್ನು ನಂಬಿದಳೋ, ಅವನನ್ನೋ... ಆ ಹೊತ್ತಿಗೆ ಅವಳಿಗೂ ಗೊತ್ತಿರಲಿಲ್ಲ.

*

"ನಿನ್ನ ಮೆಷಿನ್ ಬಂತೇನೇ?"

ಬಾಗಿಲು ತೆಗೆದಾಗಲೆಲ್ಲ ಅಕ್ಕನದು ಅದೇ ಪ್ರಶ್ನೆ.

ಅಕ್ಕ, ಭಾವ, ಅವರ ಮಗಳು ಗುಬ್ಬಿ, ಅವಳು. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯ ಮನೆ. ಭಾವನಿಗೆ ದೂರದ ಊರುಗಳಿಗೆ ಲಾರಿ ಓಡಿಸುವ ಕೆಲಸ.

ಗುಬ್ಬಿ ಮಾತಿನ ಮಲ್ಲಿ. ಶಾಲೆಗೆ ಸೇರುವವರೆಗೂ ಮನೆಯ ತುಂಬ ಓಡಾಡಿಕೊಂಡಿದ್ದಳು. ಆಮೇಲೆ ಓಡುವುದು ನಿಂತಿತು. ಆಮೇಲೆ ಗೋಡೆ ಹಿಡಿದು ನಡೆಯತೊಡಗಿದಳು. ಈಗೀಗ ಚಮಚ ಬೆರಳಿನಿಂದ ಜಾರುತ್ತಿತ್ತು. ಜಾರಿದಾಗ, "ಈ ಚಮಚಕ್ಕೆ ನನ್ ಕಂಡ್ರೆ ಆಗಲ್ಲ ಚಿಕ್ಕಿ," ಎನ್ನುತ್ತಿದ್ದಳು.

ಯಾವ ಡಾಕ್ಟರಿಗೂ ಕಾರಣ ಗೊತ್ತಿರಲಿಲ್ಲ.

ಯಂತ್ರ ಬಂದರೆ ಕಾರಣ ಸಿಗುತ್ತದೆ, ಕಾರಣ ಸಿಕ್ಕರೆ ಔಷಧಿ ಸಿಗುತ್ತದೆ ಎಂದು ಅಕ್ಕ ನಂಬಿದ್ದಳು. ಕಾರಣಕ್ಕೂ ಔಷಧಿಗೂ ನಡುವೆ ಎಂಥ ಕಂದಕವಿದೆ ಎಂದು ಚಿಕ್ಕಿಗೆ ಗೊತ್ತಿತ್ತು. ಬಿಡಿಸಿ ಹೇಳಲು ನಾಲಗೆ ಏಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಜುಗ್ಗಣ್ಣ ಮನೆಗೆ ಬಂದ. ಅವಳು ಆಫೀಸಿನಲ್ಲಿ ಮರೆತಿದ್ದ ಕೊಡೆ ಕೊಡುವುದು ನೆಪ.

ಸೋಫಾದ ಮೂಲೆಯಲ್ಲಿ ದಿಂಬುಗಳ ನಡುವೆ ಕುಳಿತಿದ್ದ ಗುಬ್ಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಚಿಕ್ಕಿ ಮೆಷಿನ್ ತರೋರು ನೀವೇನಾ?"

"ಹೌದು."

"ಬೇಗ ತನ್ನಿ ಮತ್ತೆ. ನನ್ನ ಫ್ರೆಂಡ್ಸೆಲ್ಲ ಸೈಕಲ್ ಕಲ್ತಾಯ್ತು."

ಅವನ ಮುಖದ ನಗು ಹಾಗೇ ನಿಂತುಬಿಟ್ಟಿತು.

ಅವಳು ಕೆಳಗೆ ಬೀಳ್ಕೊಡಲು ಬಂದಾಗ, ಕಟ್ಟಡದ ಬಾಗಿಲಲ್ಲಿ ಅವನು ಕೇಳಿದ. "ಪರೀಕ್ಷೆಗೆ ಕೊಟ್ಟ ಮಾಹಿತಿ... ಈ ಮಗೂದೇನಾ?"

ಅವಳು ತಲೆಯಾಡಿಸಿದಳು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಯ್ಯೋ ಪಾಪ ಅಂತ ನಾನು ಕೇಳಿದ್ದೇ ಕೊಡ್ಸಿಬಿಡ್ತಿದ್ರಿ. ಮಿಕ್ಕ ಮಕ್ಕಳ ಸರದಿ ಹಾಗೇ ಉಳೀತಿತ್ತು."

ಅವನು ಅವಳನ್ನೇ ನೋಡಿದ. ಕೊಡೆಯನ್ನು ಅವಳ ಕೈಗೆ ಕೊಡುವುದನ್ನೇ ಮರೆತು, ಅದನ್ನು ಹಿಡಿದುಕೊಂಡೇ ಹೊರಟುಹೋದ!

ಅವಳು ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟುತ್ತಿತ್ತು. 'ಬೇಡ... ಈಗ ಬೇಡ ಇದೆಲ್ಲ,' ಎಂದು ತನಗೇ ಹೇಳಿಕೊಂಡಳು. ಎದೆ ಕೇಳಲಿಲ್ಲ.

*

ನಾಲ್ಕು ಸರ್ವರ್‌ಗಳು ಬಂದವು. ಅವುಗಳನ್ನು ಚೌಕಟ್ಟಿಗೆ ಕೂರಿಸಿ, ತಂತಿಗಳನ್ನು ಜೋಡಿಸಿ ಇಬ್ಬರೂ ಬೆವರಿದರು. ಕ್ಲಸ್ಟರ್ ಓಡತೊಡಗಿತು. ಕಾದಿದ್ದ ಮಕ್ಕಳ ಸರದಿ ಕರಗತೊಡಗಿತು. ಸಾಲಿನಲ್ಲಿ ತನ್ನ ಮನೆಯ ಮಗುವನ್ನು ಅವಳು ಮುಂದೆ ತಳ್ಳಲಿಲ್ಲ. ಬಂದ ಕ್ರಮದಲ್ಲೇ ಇಟ್ಟಳು.

ಗುಬ್ಬಿಯ ಸರದಿ ಬಂತು. ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿತ್ತು.

ಆ ಬೆಳಿಗ್ಗೆ ಡಿಸ್ಕ್ ಸತ್ತಿತು!

ಮಧ್ಯದ ಫೈಲುಗಳಿದ್ದ ಡಿಸ್ಕ್. ಜೋಡಿ ಇಲ್ಲದ ಡಿಸ್ಕ್. ನಾಲ್ಕೂ ಸರ್ವರ್‌ಗಳು ಅದನ್ನೇ ನೆಚ್ಚಿಕೊಂಡಿದ್ದವು. ಒಂದರ ಹಿಂದೊಂದು ನಾಲ್ಕೂ ನಿಂತವು.

"ನಾನು ಹೇಳಿದ್ದೆ..." ಅವಳು ಅವನತ್ತ ತಿರುಗಿದಳು. "ಜೋಡಿ ಹಾಕಿ ಅಂತ ಹೇಳಿದ್ದೆ ನಾನು!"

"ಹೌದು. ತಪ್ಪು ನಂದೇ," ಎಂದ ಅವನು. ಮುಖ ಬಿಳುಚಿಕೊಂಡಿತ್ತು. "ಹೊಸ ಡಿಸ್ಕಿಗೆ ಹೇಳಿದೀನಿ. ಬರೋಕೆ ಸ್ವಲ್ಪ..."

ಅವನ ಮಾತು ಮುಗಿಯುವ ಮೊದಲೇ ಅವಳ ಫೋನ್ ಬಡಿದುಕೊಂಡಿತು. ಅಕ್ಕ! ಗುಬ್ಬಿಗೆ ಉಸಿರಾಟಕ್ಕೆ ಕಷ್ಟವಾಗುತ್ತಿತ್ತು. ಎದೆಯಲ್ಲಿ ಕಫ ಕಟ್ಟಿತ್ತು. ಕೆಮ್ಮಿ ಹೊರಹಾಕುವ ಶಕ್ತಿ ಆ ಪುಟ್ಟ ಎದೆಗೆ ಉಳಿದಿರಲಿಲ್ಲ.

ಅವಳು ಹಿಂದಿರುಗಿಯೂ ನೋಡದೆ ಓಡಿದಳು.

*

ವಾರ್ಡಿನಿಂದ ಗುಬ್ಬಿಯನ್ನು ಮನೆಗೆ ಕಳಿಸಿದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಮಗು ಬದುಕಿತ್ತು. ಆದರೆ ಗೋಡೆ ಹಿಡಿದು ನಡೆಯುವುದೂ ಮುಗಿದಿತ್ತು.

ಹೊಸ ಡಿಸ್ಕ್ ಬಂದಿತ್ತು, ಈ ಸಲ ಜೋಡಿಯಾಗಿ. ಕ್ಲಸ್ಟರ್ ಮತ್ತೆ ಓಡುತ್ತಿತ್ತು. ಅವಳು ಅವಸರದಿಂದ ಪರದೆಯ ಮೇಲೆ ಸರದಿ ನೋಡಿದಳು. ಮತ್ತೊಮ್ಮೆ ನೋಡಿದಳು.

ಗುಬ್ಬಿಯ ಕೆಲಸ ಅಲ್ಲಿರಲಿಲ್ಲ!

"ಯಾರು ತೆಗೆದಿದ್ದು?"

ಜುಗ್ಗಣ್ಣ ಕುರ್ಚಿಯಿಂದ ಎದ್ದ. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಾಗಿದ್ದವು. "ನಾನೇ."

"ಯಾಕೆ?"

ಅವನು ನೆಲ ನೋಡಿದ.

"ಯಾಕೆ ಅಂತ ಕೇಳ್ತಿದೀನಿ!"

"ಅದನ್ನ... ನಾನು ಹೇಳೋ ಹಾಗಿಲ್ಲ."

"ಓ... ಅರ್ಥ ಆಯ್ತು ಬಿಡಿ." ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ಆ ಮಗು ಹೇಗೂ ಕೈ ಬಿಟ್ಟು ಹೋಗ್ತಾ ಇದೆ, ಅದರ ಮೇಲೆ ಮೆಷಿನ್ ಓಡಿಸಿದ್ರೆ ದಂಡ. ಅಷ್ಟೇ ತಾನೆ ನಿಮ್ಮ ಲೆಕ್ಕ? ಡಿಸ್ಕಲ್ಲಿ ಉಳಿಸಿದ್ರಿ, ಈಗ ಮಗೂನಲ್ಲೂ ಉಳಿತಾಯ! ನಿಮ್ಮನ್ನ ಜುಗ್ಗ ಅಂತ ನಗ್ತಿದ್ವಲ್ಲ, ಅದು ತಮಾಷೆ ಅಲ್ಲ ಅಂತ ಇವತ್ತು ಗೊತ್ತಾಯ್ತು!"

ಅವನು ಒಂದೇ ಒಂದು ಮಾತು ಆಡಿದ್ದರೂ ಸಾಕಿತ್ತು. ಆಡಲಿಲ್ಲ.

"ಇನ್ಮೇಲೆ ನನ್ನ ಎದುರಿಗೆ ಬರ್ಬೇಡಿ."

ಅವನು ಕುರ್ಚಿಯ ಬೆನ್ನಿನಿಂದ ಕೋಟು ತೆಗೆದುಕೊಂಡ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಅವಳು ಸರ್ವರ್ ಕೋಣೆಯ ತಣ್ಣನೆಯ ನೆಲದ ಮೇಲೆ ಕುಸಿದು ಕುಳಿತು ಬಿಕ್ಕಿದಳು. ಅತ್ತದ್ದು ಗುಬ್ಬಿಗಾಗಿಯೋ, ತನಗಾಗಿಯೋ, ಹೋದವನಿಗಾಗಿಯೋ...

*

ವಾರದ ಕೊನೆಗೆ ದೊಡ್ಡ ಮೇಡಂ ಮನೆಯವರನ್ನೆಲ್ಲ ಕರೆಸಿದರು. ಅವರ ಪಕ್ಕದಲ್ಲಿ ಹೊರಗಿನಿಂದ ಬಂದ ನರರೋಗ ತಜ್ಞರಿದ್ದರು. ಭಾವ ಲಾರಿ ನಿಲ್ಲಿಸಿ ಅರ್ಧ ದಾರಿಯಿಂದ ವಾಪಸು ಬಂದಿದ್ದ. ಅಕ್ಕ ಹೊಸ ಸೀರೆ ಉಟ್ಟಿದ್ದಳು. ಒಳ್ಳೆ ಸುದ್ದಿ ಕೇಳಲು ಹೋಗುವವರ ಹಾಗೆ!

"ಗುಬ್ಬಿಯ ಕಾಯಿಲೆಗೆ ಕಾರಣ ಸಿಕ್ಕಿದೆ," ಎಂದರು ಮೇಡಂ.

"ನೋಡಿದ್ಯೇನೇ!" ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

ತಜ್ಞರು ಮೆಲ್ಲಗೆ ಹೇಳುತ್ತ ಹೋದರು. ಒಂದು ಜೀನಿನಲ್ಲಿ ತಪ್ಪಿದೆ. ತಂದೆಯಲ್ಲೂ ಒಂದು, ತಾಯಿಯಲ್ಲೂ ಒಂದು. ಒಂದೇ ಇದ್ದರೆ ಏನೂ ಆಗುವುದಿಲ್ಲ, ಎರಡೂ ಮಗುವಿಗೆ ಬಂದರೆ ಮಾತ್ರ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು.

"ಔಷಧಿ?" ಎಂದ ಭಾವ.

"ಸದ್ಯಕ್ಕೆ ಎಲ್ಲೂ ಇಲ್ಲ."

"ಎಷ್ಟು ದಿನ ಬೇಕಾಗುತ್ತೆ ಬರೋಕೆ?"

ತಜ್ಞರು ಮುಂದಿದ್ದ ಕಡತವನ್ನು ಮೆಲ್ಲಗೆ ಮುಚ್ಚಿದರು. ಭಾವ ಅರ್ಥವಾದವನಂತೆ ಟೋಪಿಯನ್ನು ತೊಡೆಯ ಮೇಲಿಟ್ಟು ಹಿಸುಕತೊಡಗಿದ.

ಅಕ್ಕ ಕಿರುಚಲಿಲ್ಲ. ಗೋಡೆಯನ್ನೇ ನೋಡುತ್ತ, ತೀರ ಮೆಲ್ಲಗೆ ಕೇಳಿದಳು.

"ಬಸುರಿಯಾಗಿದ್ದಾಗ ನಾನು ಮೆಟ್ಟಿಲಿಂದ ಜಾರಿ ಬಿದ್ದಿದ್ದೆ... ಅದಕ್ಕಲ್ವಾ ಇದು?"

"ಅಲ್ಲಮ್ಮ," ಎಂದರು ತಜ್ಞರು.

"ಖಂಡಿತ ಅಲ್ವಾ?"

"ಖಂಡಿತ ಅಲ್ಲ. ನೀವು ಮಾಡಿದ ಯಾವುದರಿಂದಲೂ ಬಂದದ್ದಲ್ಲ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ವರ್ಷ ಒಬ್ಬಳೇ ಒಳಗೊಳಗೆ ನುಂಗಿಕೊಂಡಿದ್ದದ್ದು ಬೆನ್ನು ಕುಲುಕಿ ಕುಲುಕಿ ಹೊರಗೆ ಬಂತು. ಗಂಡನೂ ತಂಗಿಯೂ ಆ ಮಾತನ್ನು ಕೇಳಿದ್ದು ಅದೇ ಮೊದಲು.

ಅಕ್ಕ ಭಾವ ಹೊರಗೆ ಹೋದ ಮೇಲೆ ಮೇಡಂ ಅವಳನ್ನು ತಡೆದರು.

"ಚಿಕ್ಕಿ, ಒಂದ್ ಮಾತು. ಡಿಸ್ಕ್ ಸತ್ತ ದಿನವೇ ನಿಮ್ಮ ಜುಗ್ಗಣ್ಣ ತಮ್ಮ ಸ್ವಂತ ಮೆಷಿನ್ ತಂದು ಇಲ್ಲಿಟ್ಟು, ಗುಬ್ಬಿಯ ಕೆಲಸ ಮೊದಲಿಂದ ಓಡಿಸಿದ್ರು. ಅದನ್ನ ಬಿಟ್ಟು ಆ ಕಡೆ ಈ ಕಡೆ ಹೋಗ್ಲಿಲ್ಲ ಆ ಮನುಷ್ಯ. ನೀನು ವಾಪಸ್ ಬರೋಷ್ಟರಲ್ಲಿ ಮುಗಿದಿತ್ತು."

"ಮುಗಿದಿತ್ತಾ...? ಅದಕ್ಕೇ ಸರದಿಯಿಂದ..."

"ಅದಕ್ಕೇ ತೆಗೆದದ್ದು. ತಜ್ಞರು ಬಂದು ನೋಡೋವರೆಗೂ ಮನೆಯವರಿಗೆ ಯಾರೂ ಹೇಳಬಾರದು ಅಂತ ನಿಯಮ. ನೀನೂ ಮನೆಯವಳೇ ಅಲ್ವಾ? ನಾನೇ ಅವರ ಬಾಯಿ ಕಟ್ಟಿದ್ದೆ. ಏನು ಬಂದಿದೆ ಅಂತ ಅವರಿಗೆ ಹೇಳಿರ್ಲಿಲ್ಲ... ಆದ್ರೆ ನನ್ನ ಮುಖ ನೋಡಿ ಅವರಿಗೆ ಗೊತ್ತಾಗಿತ್ತು."

'ಮುಗಿದಿದೆ ಅಂದ್ರೂ ನಾನು ಫಲಿತಾಂಶ ಕೇಳ್ತಿದ್ದೆ... ಅದಕ್ಕೇ ಎಲ್ಲಾ ಬೈಸ್ಕೊಂಡು ಸುಮ್ನೆ ನಿಂತ್ರಾ...!'

*

ಊರಿನ ಅಂಚಿನಲ್ಲಿ ಹಳೆಯ ಸರ್ವರ್‌ಗಳನ್ನು ಬಿಚ್ಚಿ, ತೊಳೆದು, ಪರೀಕ್ಷಿಸುವ ದೊಡ್ಡ ಶೆಡ್ಡು. ಮಧ್ಯಾಹ್ನದ ಬಿಸಿಲು ತಗಡಿನ ಮೇಲೆ ಕಾಯುತ್ತಿತ್ತು. ಜುಗ್ಗಣ್ಣ ಮೇಜಿನ ಮುಂದೆ ಸ್ಕ್ರೂ ಬಿಚ್ಚುತ್ತಿದ್ದವನು ಅವಳನ್ನು ನೋಡಿ ಎದ್ದು ನಿಂತ.

"ಗೊತ್ತಾಯ್ತು," ಎಂದಳು ಅವಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. "ಎಲ್ಲಾ ಗೊತ್ತಾಯ್ತು. ಅವತ್ತು ಏನೇನೋ ಅಂದುಬಿಟ್ಟೆ..."

"ಅಂದಿದ್ದರಲ್ಲಿ ಅರ್ಧ ನಿಜ. ಜೋಡಿ ಬೇಡ ಅಂದಿದ್ದು ನಾನೇ."

"ಜೋಡಿ ಇದ್ದಿದ್ರೆ ಏನಾಗ್ತಿತ್ತು? ಸ್ವಲ್ಪ ಬೇಗ ಇದೇ ಉತ್ತರ ಬರ್ತಿತ್ತು."

"ಆದ್ರೂ..."

"ಬೇಗ ಬಾರದೇ ಇದ್ದದ್ದೇ ಒಳ್ಳೇದಾಯ್ತೇನೋ. ಅಕ್ಕ ಇನ್ನಷ್ಟು ದಿನ ಆಸೆ ಇಟ್ಕೊಂಡಿದ್ಲು."

ಎಲ್ಲೋ ಒಂದು ಫ್ಯಾನು ತಿರುಗಿ ನಿಂತಿತು.

"ನಾನು ಕ್ಷಮೆ ಕೇಳೋಕಷ್ಟೇ ಬಂದಿದ್ದಲ್ಲ," ಎಂದಳು. "ಒಂದ್ ಮಾತು ಹೇಳಿಬಿಡ್ಬೇಕು ಅಂತ ಬಂದೆ. ಹೇಳಿ ಏನೂ ಪ್ರಯೋಜನ ಇಲ್ಲ. ಆದ್ರೂ ಒಳಗಿಟ್ಕೊಂಡು ಸಾಕಾಗಿದೆ. ನಂಗೆ ನೀವು... ನೀವಂದ್ರೆ..."

"ನಂಗೂ," ಎಂದ ಅವನು ತಟ್ಟನೆ.

ಅವಳು ಅಳುತ್ತಲೇ ತಲೆ ಅಲ್ಲಾಡಿಸಿದಳು. "ಹಾಗನ್ಬೇಡಿ. ಯೋಚನೆ ಮಾಡಿ ಹೇಳಿ. ನಮ್ಮ ಮನೇಲಿ ಮದುವೆ ಮಾತು, ಸಂಭ್ರಮ ಯಾವುದೂ ಇರಲ್ಲ. ಒಂದು ಮಗು ಕಣ್ಣೆದುರಿಗೇ ಸ್ವಲ್ಪ ಸ್ವಲ್ಪ ಹೋಗ್ತಾ ಇದೆ. ನಾನು ಅವಳನ್ನ ಬಿಟ್ಟು ಎಲ್ಲೂ ಬರಲ್ಲ. ನಗೋಕೂ ನಂಗೆ ಭಯ ಆಗುತ್ತೆ. ಇಂಥವಳನ್ನ ಕಟ್ಕೊಂಡು ಏನ್ ಮಾಡ್ತೀರಿ ನೀವು?"

ಅವನು ಬೆರಳಿಗಂಟಿದ್ದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಅವಳು ಹೊರಗೆ ಹೋಗಿ ಎಷ್ಟು ದಿನ ಆಯ್ತು?"

"ಯಾರು? ಗುಬ್ಬಿನಾ? ಆಸ್ಪತ್ರೆಯಿಂದ ಬಂದ ಮೇಲೆ ಮನೆ ಬಿಟ್ಟು ಇಳಿದಿಲ್ಲ. ಭಾವ ಮತ್ತೆ ಲಾರಿ ಹತ್ತಿದಾರೆ. ಮೂರು ಮಹಡಿ ಎತ್ಕೊಂಡು ಇಳಿಸೋಕೆ ನಮ್ಮಿಬ್ಬರ ಕೈಲಿ ಆಗಲ್ಲ..."

"ಇವತ್ತು ಬರ್ಲಾ?"

ಅವಳು ಅವನ ಮುಖ ನೋಡಿದಳು. ಅಲ್ಲಿ ಸಮಾಧಾನದ ಮಾತಿರಲಿಲ್ಲ, ಎಲ್ಲ ಸರಿಹೋಗುತ್ತದೆ ಎಂಬ ಸುಳ್ಳೂ ಇರಲಿಲ್ಲ. ಬರಲೇ ಎಂಬ ಪ್ರಶ್ನೆ ಮಾತ್ರ ಇತ್ತು.

"ಬಾ," ಎಂದಳು.

ಅಂದ ಮೇಲೆ, ಇಷ್ಟು ದಿನ 'ನೀವು' ಎಂದವಳು ಏಕವಚನಕ್ಕಿಳಿದದ್ದು ಅವಳ ಗಮನಕ್ಕೆ ಬಂತು. ತಿದ್ದಿಕೊಳ್ಳಲಿಲ್ಲ.

*

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವನು ಗುಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅಕ್ಕ ಅವಳ ಕೊರಳಿಗೆ ಮಫ್ಲರ್ ಸುತ್ತಿದಳು. ಚಿಕ್ಕಿ ಮಡಿಸಿದ ಗಾಲಿಕುರ್ಚಿಯನ್ನು ಹಿಡಿದು ಹಿಂದೆ ಹಿಂದೆ ಇಳಿದಳು.

"ನಿಧಾನ! ನನ್ನ ಬೀಳಿಸ್ಬೇಡಿ ಮತ್ತೆ!" ಎಂದಳು ಗುಬ್ಬಿ.

"ಬೀಳ್ಸಲ್ಲ."

"ಮೆಷಿನ್ ಏನಂತು? ನನ್ನ ಕಾಲು ಸರಿ ಹೋಗುತ್ತಂತಾ?"

ಅವನ ಹೆಜ್ಜೆ ಒಂದು ಮೆಟ್ಟಿಲ ಮೇಲೆ ತಡೆಯಿತು.

"ಇಲ್ಲ ಪುಟ್ಟಿ," ಎಂದ. "ಇಲ್ಲವಂತೆ."

"ನಂಗೊತ್ತಿತ್ತು," ಎಂದಳು ಗುಬ್ಬಿ. ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. "ಕೆಳಗಡೆ ಅಂಗಡಿ ತನಕ ಹೋಗೋಣ. ನಾಯಿ ಮರಿ ಹಾಕಿದೆಯಂತೆ."

ಎರಡನೇ ಮಹಡಿಯ ತಿರುವಿನಲ್ಲಿ ಅವನು ಸುಧಾರಿಸಿಕೊಳ್ಳಲು ನಿಂತ. ಹಣೆಯಲ್ಲಿ ಬೆವರಿತ್ತು. ಚಿಕ್ಕಿ ಕುರ್ಚಿಯನ್ನು ಗೋಡೆಗೆ ಒರಗಿಸಿ, ತನ್ನ ಸೆರಗಿನ ತುದಿಯಿಂದ ಆ ಬೆವರು ಒರೆಸಿದಳು.

"ಭಾರ ಆಗ್ತಿದಾಳಾ?" ಎಂದು ಪಿಸುಗುಟ್ಟಿದಳು.

"ಇಲ್ಲ."

"ಬೆಳೀತಾಳಲ್ಲ... ಇನ್ನು ಮುಂದೆ ಭಾರ ಆಗ್ತಾಳೆ."

ಅವನು ಮಗುವನ್ನು ಇನ್ನಷ್ಟು ಎದೆಗವಚಿಕೊಂಡ.

"ಆಗ್ಲಿ ಬಿಡೇ," ಎಂದ. "ಭಾರ ಆಗೋವಷ್ಟು ದಿನ ಇರ್ಲಿ."